ಉಫ್ ಎಂದು ಊದಿದರೆ ಆಟ ಶುರು

ತೊಂಬತ್ತರ ದಶಕದಲ್ಲಿ ಬೆಳೆದವರಿಗೆ ಆ ಹಳದಿ ಕ್ಯಾಸೆಟ್ ನೆನಪಿರುತ್ತದೆ. ಟಿವಿಯಲ್ಲಿ ಚಿತ್ರ ಬಾರದಿದ್ದರೆ ಕ್ಯಾಸೆಟ್ ಕಿತ್ತು, ಅದರ ಬಾಯಿಗೆ ಉಫ್ ಎಂದು ಊದಿ, ಮತ್ತೆ ಒತ್ತಿ ಕೂರಿಸುವುದು. ಊದಿದ್ದರಿಂದ ಏನೂ ಆಗುತ್ತಿರಲಿಲ್ಲ, ಕಿತ್ತು ಕೂರಿಸಿದಾಗ ಪಿನ್ನುಗಳು ಸರಿಯಾಗಿ ತಾಗುತ್ತಿದ್ದವು, ಅಷ್ಟೆ. ಆದರೆ ಆಗ ಹಾಗೆ ಹೇಳಿದ್ದರೆ ಯಾರು ನಂಬುತ್ತಿದ್ದರು? ಅಂಗಡಿಯಲ್ಲಿ 'ವಿಡಿಯೋ ಗೇಮ್' ಎಂದು ಮಾರುತ್ತಿದ್ದ ಆ ಡಬ್ಬಿಗಳಲ್ಲಿ ಹೆಚ್ಚಿನವು ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಬಿಡುಗಡೆ ಮಾಡಿದ ಫ್ಯಾಮಿಕಾಮ್‌ನ ನಕಲುಗಳು.

ಅದೇ ಕಾಲದಲ್ಲಿ ಯಾರದೋ ಮನೆಗೆ ಬಂದ ಕಂಪ್ಯೂಟರ್ ಮುಂದೆ ಕೂತರೆ, ಆಟಕ್ಕೆ ಮೊದಲು ಒಂದು ಪರೀಕ್ಷೆ. ನಿಮ್ಮ ಸೌಂಡ್ ಕಾರ್ಡ್ ಯಾವುದು? ಅದರ ಐಆರ್‌ಕ್ಯೂ ಎಂಬ ಸಂಖ್ಯೆ ಐದೋ ಏಳೋ? ತಪ್ಪು ಉತ್ತರ ಕೊಟ್ಟರೆ ಆಟ ಮೂಕವಾಗುತ್ತಿತ್ತು, ಒಮ್ಮೊಮ್ಮೆ ಯಂತ್ರವೇ ಅಲ್ಲಾಡದೆ ನಿಂತುಬಿಡುತ್ತಿತ್ತು.

ಪಿಸಿಯಂಥ ಬಲವಾದ ಯಂತ್ರ ಆಟದ ವಿಷಯದಲ್ಲಿ ಟಿವಿ ಪಕ್ಕದ ಡಬ್ಬಿಯ ಮುಂದೆ ಸೋತದ್ದೇಕೆ ಎಂದರೆ ಸಾಮಾನ್ಯವಾಗಿ ಬೆಲೆಯ ಮಾತು ಬರುತ್ತದೆ. ಅದೂ ನಿಜ. ಸೋನಿ 2006ರಲ್ಲಿ ಪ್ಲೇಸ್ಟೇಷನ್ 3 ಅನ್ನು ತಯಾರಿಕೆಯ ಖರ್ಚಿಗಿಂತ ಕಡಿಮೆಗೆ ಮಾರಿತು. ಆ ನಷ್ಟವನ್ನು ತುಂಬಿಕೊಳ್ಳುವ ದಾರಿ ಆಟಗಳ ಮಾರಾಟದಲ್ಲಿತ್ತು. ಪಿಸಿಯ ಗ್ರಾಫಿಕ್ಸ್ ಕಾರ್ಡ್ ಮಾರುವವರಿಗೆ ಆ ಅನುಕೂಲವಿಲ್ಲ. ಆದರೆ ನನ್ನ ಮಟ್ಟಿಗೆ ಅಸಲಿ ಕಾರಣ ಬೇರೆ. ಕನ್ಸೋಲ್‌ಗೆ, ಅಂದರೆ ಟಿವಿ ಪಕ್ಕದ ಆ ಡಬ್ಬಿಗೆ, ಆಟ ಬರೆಯುವವರಿಗೆ ಅದು ಓಡುವ ಯಂತ್ರ ಯಾವುದೆಂದು ಮೊದಲೇ ಗೊತ್ತು. ಪಿಸಿಗೆ ಬರೆಯುವವರಿಗೆ ಗೊತ್ತಿಲ್ಲ.

ಫ್ಯಾಮಿಕಾಮ್‌ನಲ್ಲಿದ್ದ ಕೆಲಸದ ಮೆಮೊರಿ ಬರೀ 2 ಕೆಬಿ. ಆದರೆ ಚಿತ್ರಕ್ಕೆಂದೇ ಬೇರೊಂದು ಚಿಪ್ ಇತ್ತು. ಹಿನ್ನೆಲೆಯನ್ನು ಎಡಕ್ಕೆ ಜರುಗಿಸಬೇಕೆಂದರೆ ಅದಕ್ಕೊಂದು ಸಂಖ್ಯೆ ಕೊಟ್ಟರೆ ಸಾಕು. ಹಾಗಾಗಿ ನಿಂಟೆಂಡೊ ಆಟದ ನಾಯಕ ಮಾರಿಯೋ ಓಡಿದಂತೆಲ್ಲ ಮೋಡ, ಗುಡ್ಡಗಳು ನುಣ್ಣಗೆ ಹಿಂದೆ ಸರಿಯುತ್ತಿದ್ದವು. ಅಂದಿನ ಪಿಸಿ ಹುಟ್ಟಿದ್ದು ಕಚೇರಿಯ ಲೆಕ್ಕಕ್ಕೆ. 16 ಬಣ್ಣದ ಒಂದು ಪರದೆ ತುಂಬಲು ಸುಮಾರು 32,000 ಬೈಟ್, ಪ್ರತಿ ಹೆಜ್ಜೆಗೂ ಅಷ್ಟನ್ನೂ ಹೊಸದಾಗಿ ಬರೆಯುವಷ್ಟು ಚುರುಕು ಅದಕ್ಕಿರಲಿಲ್ಲ.

1990ರಲ್ಲಿ ಅಮೆರಿಕದ ಜಾನ್ ಕಾರ್ಮ್ಯಾಕ್ ಎಂಬ ಯುವಕ ಇದಕ್ಕೊಂದು ಉಪಾಯ ಹುಡುಕಿದ. ಪರದೆಯ ಚಿತ್ರವೆಂದರೆ ಪುಟ್ಟ ಚೌಕಗಳ ಜೋಡಣೆ, ಮಾರಿಯೋನ ಆಕಾಶದ ಚೌಕಗಳೆಲ್ಲ ಒಂದೇ ನೀಲಿ. ಪಕ್ಕದ ಚೌಕ ಬಂದು ಕೂರುವ ಜಾಗದಲ್ಲಿ ಆಗಲೇ ಅದೇ ನೀಲಿ ಇದ್ದರೆ ಮತ್ತೆ ಬಳಿಯುವುದೇಕೆ? ಪರದೆಯನ್ನು ತುಸು ಜರುಗಿಸಿ, ಬದಲಾದ ಚೌಕಗಳನ್ನಷ್ಟೇ ಬರೆದರಾಯಿತು. ಕಾರ್ಮ್ಯಾಕ್ ಮತ್ತು ಗೆಳೆಯರು ಈ ಜಾಣತನದಿಂದ ಪಿಸಿಯಲ್ಲೇ 'ಸೂಪರ್ ಮಾರಿಯೋ ಬ್ರೋಸ್ 3' ಓಡಿಸಿ ನಿಂಟೆಂಡೊಗೆ ಕಳಿಸಿದರು. ಬೇಡವೆಂಬ ಉತ್ತರ ಬಂತು. ಅದೇ ತಂತ್ರದ ಮೇಲೆ ವರ್ಷಾಂತ್ಯಕ್ಕೆ 'ಕಮ್ಯಾಂಡರ್ ಕೀನ್' ಎಂಬ ಪಿಸಿ ಆಟ ಹೊರಬಂತು. ಒಬ್ಬ ಪ್ರತಿಭಾವಂತ ತಲೆ ಕೆಡಿಸಿಕೊಂಡ ಮೇಲೆ ಪಿಸಿಗೆ ದಕ್ಕಿದ್ದು, ಮಕ್ಕಳ ಡಬ್ಬಿಯಲ್ಲಿ ಏಳು ವರ್ಷದಿಂದ ಇತ್ತು!

ಈಗಿನ ಪಿಸಿಗಳಿಗೆ ಶಕ್ತಿಯ ಕೊರತೆಯಿಲ್ಲ, ತೊಂದರೆ ಮಾತ್ರ ಅದೇ ಜಾತಿಯದು. ಬೆಳಕು, ನೆರಳು, ನೀರಿನ ಹೊಳಪನ್ನು ಲೆಕ್ಕ ಹಾಕಲು ಆಟದಲ್ಲಿ ಶೇಡರ್ ಎಂಬ ಪುಟ್ಟ ಪುಟ್ಟ ಪ್ರೋಗ್ರಾಮ್‌ಗಳು ಸಾವಿರಗಟ್ಟಲೆ ಇರುತ್ತವೆ. ಒಂದೊಂದು ಬಗೆಯ ಗ್ರಾಫಿಕ್ಸ್ ಚಿಪ್‌ಗೂ ಅದರದೇ ಭಾಷೆ. ಪ್ಲೇಸ್ಟೇಷನ್ 5ರೊಳಗಿನ ಚಿಪ್ ಯಾವುದೆಂದು ಮೊದಲೇ ಗೊತ್ತಿರುವುದರಿಂದ, ಶೇಡರ್‌ಗಳು ಕಂಪನಿಯಲ್ಲೇ ಆ ಭಾಷೆಗೆ ಅನುವಾದವಾಗಿ ಬರುತ್ತವೆ. ಪಿಸಿಯಲ್ಲಿ ಅನುವಾದ ನಡೆಯುವುದು ನಿಮ್ಮ ಮನೆಯಲ್ಲಿ. ಸೆಕೆಂಡಿಗೆ 60 ಚಿತ್ರ ಬರಬೇಕೆಂದರೆ ಒಂದೊಂದಕ್ಕೆ ಸಿಗುವ ಸಮಯ 16.7 ಮಿಲಿಸೆಕೆಂಡ್. ಹೊಸ ಬಾಗಿಲು ತೆರೆದ ಕ್ಷಣದಲ್ಲೇ ಒಂದು ಶೇಡರ್ ಅನುವಾದಕ್ಕೆ ಕೂತರೆ ಆ ಗಡುವು ತಪ್ಪಿ ಆಟ ಗಕ್ಕನೆ ಮುಗ್ಗರಿಸುತ್ತದೆ. ಅದನ್ನು ತಪ್ಪಿಸಲು ಎಲ್ಲವನ್ನೂ ಮೊದಲೇ ಮುಗಿಸಲು ಹೋದರೆ ಕಾಯಬೇಕು. 2023ರಲ್ಲಿ 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 1' ಪಿಸಿಗೆ ಬಂದಾಗ ಎಷ್ಟೋ ಜನ ಆಡುವ ಮೊದಲು ಈ ಕೆಲಸ ಮುಗಿಯುವುದನ್ನೇ ಬಹಳ ಹೊತ್ತು ನೋಡುತ್ತ ಕೂತಿದ್ದರು. ಕೆಲಸ ಮುಗಿಸಿ ಬಂದು ಅರ್ಧ ಗಂಟೆ ಆಡೋಣ ಎಂದುಕೊಂಡವನ ಗತಿ?

ಎಲ್ಲ ಕಡೆ ಪಿಸಿ ಹಿಂದೆ ಬಿದ್ದಿದೆ ಎಂದೇನಲ್ಲ. ಜಪಾನಿನ ಸಾಂಸ್ಕೃತಿಕ ಸರಕಿಗೆ ಬಹುಕಾಲ ತಡೆಯಿದ್ದ ದಕ್ಷಿಣ ಕೊರಿಯಾದಲ್ಲಿ ಕನ್ಸೋಲ್ ಬೇರೂರಲಿಲ್ಲ. 1998ರಲ್ಲಿ ಬಂದ 'ಸ್ಟಾರ್‌ಕ್ರಾಫ್ಟ್' ಆಡಲು ಹುಡುಗರು 'ಪಿಸಿ ಬಾಂಗ್' ಎಂಬ ಕೇಂದ್ರಗಳಿಗೆ ನುಗ್ಗಿದರು. ನಮ್ಮ ಸೈಬರ್ ಕೆಫೆಗಳಲ್ಲೂ 'ಕೌಂಟರ್ ಸ್ಟ್ರೈಕ್' ಗಂಟೆಯ ಲೆಕ್ಕದಲ್ಲಿ ನಡೆಯುತ್ತಿತ್ತಲ್ಲ, ಅದೂ ಇದೇ ಕುಲದ್ದು. ಅಲ್ಲಿ ಡ್ರೈವರ್ ತಂತ್ರಾಂಶ ಹಾಕುವ, ಕೆಟ್ಟರೆ ಸರಿಪಡಿಸುವ ತಲೆನೋವು ಮಾಲೀಕನದು. ಆಡುವವನಿಗೆ ಆ ಪಿಸಿಯೂ ಒಂದು ಕನ್ಸೋಲೇ ಆಗಿತ್ತು.

2022ರಲ್ಲಿ ವಾಲ್ವ್ ಕಂಪನಿ ತಂದ ಸ್ಟೀಮ್ ಡೆಕ್ ಅನ್ನು ಬಿಚ್ಚಿ ನೋಡಿದರೆ ಒಳಗಿರುವುದು ಪಿಸಿಯೇ, ಕೈಯಲ್ಲಿ ಹಿಡಿದು ಆಡುವ ಪಿಸಿ. ಆದರೆ ಒಂದೇ ಬಗೆಯ ಗ್ರಾಫಿಕ್ಸ್ ಚಿಪ್ ಲಕ್ಷಾಂತರ ಕೈಗಳಲ್ಲಿದೆ. ಹಾಗಾಗಿ ಶೇಡರ್‌ಗಳನ್ನು ಮೊದಲೇ ಅನುವಾದಿಸಿಟ್ಟು, ಆಟದ ಜೊತೆಗೇ ಇಳಿಸಿಕೊಡಲು ವಾಲ್ವ್‌ಗೆ ಸಾಧ್ಯವಾಗಿದೆ.