ಆನ್ ಆರ್ಬರ್ ನಗರದ ಬಡವರು ಯಾರು?

ಅಮೆರಿಕಾ ಸಂಯುಕ್ತ ಸಂಸ್ಥಾನದ ಮಿಷಿಗನ್ ಪ್ರಾಂತದಲ್ಲಿ, ಡೆಟ್ರಾಯ್ಟ್ ಪಟ್ಟಣಕ್ಕೆ ಪಶ್ಚಿಮವಾಗಿ ಸುಮಾರು 40 ಮೈಲಿ ದೂರದಲ್ಲಿ ಆನ್ ಆರ್ಬರ್ ಎಂಬ ನಗರವಿದೆ. 2020ರ ಖಾನೇಷುಮಾರಿಯಂತೆ ಅದರ ಜನಸಂಖ್ಯೆ 1,23,851. ಇಪ್ಪತ್ತೈದು ವರ್ಷ ತುಂಬಿದ ನಿವಾಸಿಗಳಲ್ಲಿ ನಾಲ್ವರಿಗೆ ಮೂವರು ಪದವೀಧರರು. ಇಷ್ಟಾಗಿಯೂ ಐವರಲ್ಲಿ ಒಬ್ಬನಾದರೂ ದಾರಿದ್ರ್ಯರೇಖೆಯ ಕೆಳಗಿರುವನೆಂದು ಸರಕಾರದ ಲೆಕ್ಕವೇ ಹೇಳುತ್ತದೆ. ಲಕ್ಷ್ಮಿಗೂ ಸರಸ್ವತಿಗೂ ಅತ್ತೆ ಸೊಸೆಯರ ವಿರಸವೆಂಬ ನಮ್ಮ ಹಿರಿಯರ ಮಾತಿಗೆ ಇದು ನಿದರ್ಶನವೆಂದು ವಾಚಕರು ಭಾವಿಸಬಾರದು. ದೋಷವಿರುವುದು ಎಣಿಕೆಯ ಕ್ರಮದಲ್ಲಿ.

1950ರಿಂದ ಆ ದೇಶದಲ್ಲಿ ವಿದ್ಯಾರ್ಥಿಯನ್ನು ತಂದೆತಾಯಿಗಳ ಮನೆಯಲ್ಲಿ ಎಣಿಸದೆ, ಓದುವ ಊರಿನಲ್ಲಿಯೇ ಎಣಿಸುವ ಪದ್ಧತಿಯಿದೆ. ವಿದ್ಯಾರ್ಥಿನಿಲಯದಲ್ಲಿರುವವರನ್ನು ಬಡತನದ ಲೆಕ್ಕಕ್ಕೆ ಸೇರಿಸುವುದಿಲ್ಲ. ಬಾಡಿಗೆಯ ಕೋಣೆ ಹಿಡಿದವರನ್ನು ಸೇರಿಸುತ್ತಾರೆ. ವ್ಯಾಸಂಗಕ್ಕಾಗಿ ತಂದ ಸಾಲವು ಆದಾಯವೆನಿಸುವುದಿಲ್ಲವಾದ್ದರಿಂದ, ನಾಳೆ ವೈದ್ಯನೋ ವಕೀಲನೋ ಆಗಲಿರುವ ತರುಣನು ಇಂದು ಕಾಗದದ ಮೇಲೆ ದರಿದ್ರನಾಗಿ ನಿಲ್ಲುತ್ತಾನೆ. ಅವನ ಗುಂಪಿನಲ್ಲಿ ನಿಜವಾದ ಬಡವನು ಕಣ್ಣಿಗೆ ಬೀಳದೆ ಹೋಗುತ್ತಾನೆ.

ಈ ಊರಿನ ಸರ್ವಸ್ವವೂ ಮಿಷಿಗನ್ ವಿಶ್ವವಿದ್ಯಾನಿಲಯವೇ. ಡೆಟ್ರಾಯ್ಟ್‌ನಲ್ಲಿ 1817ರಲ್ಲಿ ಹುಟ್ಟಿದ ಆ ಸಂಸ್ಥೆಯನ್ನು 1837ರಲ್ಲಿ ಇಲ್ಲಿಯ ಭೂವ್ಯಾಪಾರಿಗಳು 40 ಎಕರೆ ನೆಲವನ್ನು ಕೊಟ್ಟು ಬರಮಾಡಿಕೊಂಡರು. 1841ರಲ್ಲಿ ಪಾಠ ಆರಂಭವಾದಾಗ ಇದ್ದವರು ಏಳು ಮಂದಿ ವಿದ್ಯಾರ್ಥಿಗಳು, ಇಬ್ಬರು ಉಪಾಧ್ಯಾಯರು. ಇಂದು ವಿದ್ಯಾರ್ಥಿಗಳೇ 50,000ಕ್ಕೆ ಮೀರಿದ್ದಾರೆ. (ತಲಚೇರಿಯ ಸಸ್ಯಶಾಸ್ತ್ರಜ್ಞೆ ಜಾನಕಿ ಅಮ್ಮಾಳರು 1931ರಲ್ಲಿ ಡಾಕ್ಟರ್ ಪದವಿಯನ್ನು ಪಡೆದದ್ದೂ ಇಲ್ಲಿಯೇ.) ಪಾಠಶಾಲೆಗಳೂ ದೊಡ್ಡ ಆಸ್ಪತ್ರೆಯೂ ಸೇರಿ ವಿಶ್ವವಿದ್ಯಾನಿಲಯವೇ ಊರಿನ ಅತಿ ದೊಡ್ಡ ಧಣಿ. ಆದರೆ ಅದರ ಸ್ವತ್ತಿಗೆ ತೆರಿಗೆಯಿಲ್ಲ. ರಸ್ತೆ, ಪೋಲೀಸು, ಬೆಂಕಿ ಆರಿಸುವ ದಳ, ಇವುಗಳ ವೆಚ್ಚವನ್ನು ಉಳಿದ ಮನೆ ಅಂಗಡಿಗಳವರು ಹೊರಬೇಕು.

ಇದರ ಕಹಿಯು 2007ರಲ್ಲಿ ಚೆನ್ನಾಗಿ ಅನುಭವಕ್ಕೆ ಬಂತು. ಫೈಜರ್ ಎಂಬ ಔಷಧದ ಕಂಪನಿಯು ನಗರದ ತೆರಿಗೆದಾರರಲ್ಲಿ ಮೊದಲನೆಯದಾಗಿತ್ತು. ಆ ವರ್ಷ ಅದು ತನ್ನ ಸಂಶೋಧನಾಲಯವನ್ನು ಮುಚ್ಚುವುದಾಗಿ ಸಾರಿತು. ಸುಮಾರು 2,100 ಮಂದಿಯ ಕೆಲಸಕ್ಕೆ ಸಂಚಕಾರ ಬಂತು. 2009ರಲ್ಲಿ ಆ ಕಟ್ಟಡಗಳನ್ನೂ ಭೂಮಿಯನ್ನೂ 10 ಕೋಟಿ 80 ಲಕ್ಷ ಡಾಲರಿಗೆ ಕೊಂಡದ್ದು ವಿಶ್ವವಿದ್ಯಾನಿಲಯವೇ. ಪ್ರಯೋಗಶಾಲೆಗಳಲ್ಲಿ ಮತ್ತೆ ದೀಪ ಹತ್ತಿತು, ಕೆಲಸಗಾರರೂ ಬಂದರು. ಆದರೆ ಆ ನೆಲ ತೆರಿಗೆಯ ಪುಸ್ತಕದಿಂದ ಹೊರಬಿತ್ತು. ಊರನ್ನು ಉಳಿಸಿದ ಕೈಯೇ ಊರಿನ ಬೊಕ್ಕಸವನ್ನು ಬರಿದುಮಾಡಿತೆಂದರೆ ಅತ್ಯುಕ್ತಿಯಾಗದು.

ನಿವಾಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಸಂಸಾರಗಳು ಬಾಡಿಗೆಯವು. ನಾಲ್ಕಾರು ವಿದ್ಯಾರ್ಥಿಗಳು ಕೂಡಿ ಒಂದು ಮನೆ ಹಿಡಿದರೆ ಕೊಡಬಲ್ಲ ಬಾಡಿಗೆಯನ್ನು, ಮಕ್ಕಳೊಂದಿಗನಾದ ಬಸ್ಸಿನ ಚಾಲಕನು ಕೊಡಬಲ್ಲನೆ? ಊರ ಸುತ್ತಲಿನ ಹೊಲಗಳನ್ನು ಕಟ್ಟಡಗಳಿಂದ ಕಾಪಾಡಲು ನಾಗರಿಕರು 2003ರಲ್ಲಿ ತಮ್ಮ ಮೇಲೆ ತಾವೇ ತೆರಿಗೆಯನ್ನು ಹಾಕಿಕೊಂಡರು. ಉದ್ದೇಶ ಪ್ರಶಂಸನೀಯವೇ, ಆದರೂ ಹೊಸ ಮನೆಗಳಿಗೆ ಸ್ಥಳ ಇನ್ನಷ್ಟು ದುರ್ಲಭವಾಯಿತೆಂದು ನಮಗೆ ತೋರುತ್ತದೆ. ಹೀಗಾಗಿ ಅಡಿಗೆಯವರು, ಜಾಡಮಾಲಿಗಳು, ದಾದಿಯರು ಅನೇಕರು ಹೊರಗಿನಿಂದ ದಿನವೂ ಬಂದು ಹೋಗುತ್ತಾರೆ. ಪೂರ್ವಕ್ಕೆ ಎಂಟು ಮೈಲಿಯಲ್ಲಿರುವ ಇಪ್ಸಿಲ್ಯಾಂಟಿಯು ಮೋಟಾರು ಕಾರ್ಖಾನೆಗಳ ಕೂಲಿಯಿಂದ ಬೆಳೆದ ಊರು. ಅದರ ಬಳಿಯ ವಿಲ್ಲೋ ರನ್ ಕಾರ್ಖಾನೆ 2010ರಲ್ಲಿ ಮುಚ್ಚಿತು. ಅಲ್ಲಿ ನೀಗ್ರೋ ವಂಶಸ್ಥರು ನಾಲ್ಕರಲ್ಲಿ ಒಂದು ಪಾಲಿಗೂ ಹೆಚ್ಚು. ಆನ್ ಆರ್ಬರಿನಲ್ಲಿ ನೂರಕ್ಕೆ ಏಳರಷ್ಟು ಮಾತ್ರ. ಎರಡು ಊರುಗಳ ನಡುವೆ ಗೋಡೆಯಿಲ್ಲ, ಬಾಡಿಗೆಯ ದರವೇ ಗೋಡೆ.

2020ರ ನವೆಂಬರಿನಲ್ಲಿ ಆನ್ ಆರ್ಬರಿನ ಮತದಾರರು, ಅಲ್ಪ ಆದಾಯದವರಿಗೆ ಮನೆಗಳನ್ನು ಒದಗಿಸುವುದಕ್ಕಾಗಿ ಇಪ್ಪತ್ತು ವರ್ಷಗಳ ಮತ್ತೊಂದು ತೆರಿಗೆಗೆ ಒಪ್ಪಿಗೆಯಿತ್ತರು. ಇದೂ ಸ್ವತ್ತಿನ ಮೇಲಣ ತೆರಿಗೆ. ಆದುದರಿಂದ ಇದರಲ್ಲಿಯೂ ವಿಶ್ವವಿದ್ಯಾನಿಲಯದ ಪಾಲಿಲ್ಲ.