ಮೀನಿನ ಬಾಯಿ, ಗಾಳದ ಫ್ಲೈ

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು 1129ರ ಸುಮಾರಿನಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ವಿಶ್ವಕೋಶದಲ್ಲಿ ‘ಮತ್ಸ್ಯವಿನೋದ’ ಎಂಬ ಅಧ್ಯಾಯವೊಂದಿದ್ದು, ಅದು ಗಾಳ ಹಾಕಿ ಮೀನು ಹಿಡಿಯುವ ಕಲೆಯನ್ನು ಕೋಲು, ದಾರ, ಕೊಕ್ಕೆಗಳ ವಿವರದೊಂದಿಗೆ ನಿರೂಪಿಸುತ್ತದೆ. ಇಂದಿನ ಸೋಲಾಪುರ, ಅಕ್ಕಲಕೋಟೆಗಳು ಆಗ ಅದೇ ರಾಜ್ಯಕ್ಕೆ ಸೇರಿದ್ದವು. ಮೂವತ್ತೈದರಷ್ಟು ಜಾತಿಯ ಮೀನುಗಳನ್ನು ಹೆಸರಿಸಿ, ಅವುಗಳನ್ನು ಹುರುಪೆ ಉಳ್ಳವು, ಇಲ್ಲದವು ಎಂದು ವಿಂಗಡಿಸಿ, ಯಾವ ಮೀನಿಗೆ ಯಾವ ಆಹಾರವನ್ನು ಒಡ್ಡಬೇಕೆಂಬುದನ್ನು ಬೇರೆಬೇರೆಯಾಗಿ ಹೇಳಿರುವುದೇ ಆ ಅಧ್ಯಾಯದ ಹಿರಿಮೆ. ಪ್ರಾಣಿಶಾಸ್ತ್ರಜ್ಞ ಸುಂದರ್ ಲಾಲ್ ಹೋರಾ ಅವರು ಇಪ್ಪತ್ತನೆಯ ಶತಮಾನದ ನಡುವಿನಲ್ಲಿ ಅದನ್ನು ಅಭ್ಯಸಿಸಿ ಮೀನುಗಳ ಗುರುತು ಹಚ್ಚಲು ಯತ್ನಿಸಿದರು. ಗಾಳದ ತುದಿಯಲ್ಲಿ ಏನಿರಬೇಕೆಂಬುದನ್ನು ಹಿಡಿಯುವವನ ಇಷ್ಟವಲ್ಲ, ಮೀನಿನ ಊಟವೇ ನಿರ್ಧರಿಸುತ್ತದೆ ಎಂಬ ಆ ತಿಳಿವು, ಫ್ಲೈ ಎಂಬ ಕೃತಕ ಎರೆಯನ್ನು ಆರಿಸುವಾಗಲೂ ಮೊದಲ ಪಾಠವಾಗಿ ಉಳಿದಿದೆ.

ಫ್ಲೈ ಎಂದರೆ ಶಬ್ದಾರ್ಥದಲ್ಲಿ ನೊಣವಾದರೂ, ಗಾಳಗಾರಿಕೆಯಲ್ಲಿ ಕೊಕ್ಕೆಯ ಮೇಲೆ ಗರಿ, ಕೂದಲು, ನೂಲುಗಳನ್ನು ಸುತ್ತಿ ಹುಳುವನ್ನೋ ಮರಿಮೀನನ್ನೋ ಕಪ್ಪೆಯನ್ನೋ ಹೋಲುವಂತೆ ಕಟ್ಟಿದ ಎಲ್ಲ ಹುಸಿ ಎರೆಗಳಿಗೂ ಆ ಹೆಸರೇ ಸಲ್ಲುತ್ತದೆ. ಇದರ ತೂಕ ತೀರ ಕಡಿಮೆಯಾದ ಕಾರಣ ಇದನ್ನು ದೂರಕ್ಕೆ ಒಯ್ಯುವುದು ದಪ್ಪನಾದ, ಭಾರವುಳ್ಳ ದಾರವೇ ಹೊರತು ಎರೆಯಲ್ಲ. ಬಳುಕುವ ಕೋಲಿನಿಂದ ಆ ದಾರವನ್ನು ಹಿಂದಕ್ಕೂ ಮುಂದಕ್ಕೂ ಬೀಸಿ ನೀರಿನ ಮೇಲೆ ಇಳಿಸಬೇಕಾಗುತ್ತದೆ. ಇಂಗ್ಲೆಂಡಿನಲ್ಲಿ 1496ರಲ್ಲಿ ಅಚ್ಚಾದ ಗಾಳಗಾರಿಕೆಯ ಪ್ರಬಂಧವೊಂದು ತಿಂಗಳುಗಳಿಗೆ ತಕ್ಕಂತೆ ಹನ್ನೆರಡು ಫ್ಲೈಗಳನ್ನು ಸೂಚಿಸಿತ್ತು. ಭಾರತದಲ್ಲಿ ದಕ್ಷಿಣ ಕನ್ನಡದ ಕಲೆಕ್ಟರನಾಗಿದ್ದ ಹೆನ್ರಿ ಸಲಿವನ್ ಥಾಮಸ್‌ನು 1873ರಲ್ಲಿ ಮಂಗಳೂರಿನಿಂದ ‘ದಿ ರಾಡ್ ಇನ್ ಇಂಡಿಯಾ’ ಪುಸ್ತಕವನ್ನು ಪ್ರಕಟಿಸಿ, ಮುಂದೆ 1887ರಲ್ಲಿ ಕೆರೆಗಳ ಗಾಳಗಾರಿಕೆಗಾಗಿಯೇ ಇನ್ನೊಂದು ಗ್ರಂಥವನ್ನು ಬರೆದನು.

ಅಮೆರಿಕದ ಸರೋವರಗಳಲ್ಲಿ ಈ ಆಟಕ್ಕೆ ಹೆಸರಾದವು ಎರಡು ಬಗೆಯ ಮೀನುಗಳು: ಹಂಚಿನ ಮೇಲೆ ಇಡಿಯಾಗಿ ಹುರಿಯುವಷ್ಟು ಚಿಕ್ಕದಾದ, ‘ಪ್ಯಾನ್‌ಫಿಶ್’ ಎಂದು ಒಟ್ಟಾಗಿ ಕರೆಯಲಾಗುವ ಮೀನುಗಳು ಮತ್ತು ಅವುಗಳನ್ನೇ ಬೇಟೆಯಾಡುವ ‘ಬಾಸ್’. ಇವೆರಡೂ ಸೋಲಾಪುರ ಸೀಮೆಯ ನೀರಿನವಲ್ಲ. ಆದರೆ ಅವು ಅಲ್ಲಿ ಮಾಡುವ ಕೆಲಸವನ್ನು ಇಲ್ಲಿ ಮಾಡುವ ಮೀನುಗಳಿವೆ. ಭೀಮೆಯ ಉಜನಿ ಜಲಾಶಯ, ಸೋಲಾಪುರದ ಬಳಿಯ ಹಿಪ್ಪರಗಾ ಕೆರೆ, ಅಕ್ಕಲಕೋಟೆ ತಾಲ್ಲೂಕಿನಲ್ಲಿ ಬೋರಿ ನದಿಗೆ ಕಟ್ಟಿದ ಕುರನೂರು ಜಲಾಶಯದಂಥ ನೀರುಗಳಲ್ಲಿ ಫ್ಲೈ ಆರಿಸುವವರು ಆ ಮೀನುಗಳನ್ನೇ ಅರಿಯಬೇಕು.

ಪ್ಯಾನ್‌ಫಿಶ್‌ನ ಸ್ಥಾನದಲ್ಲಿ ಇಲ್ಲಿರುವುದು ಕನ್ನಡದಲ್ಲಿ ಜಿಲೇಬಿ ಎಂದೂ ಮರಾಠಿಯಲ್ಲಿ ಚಿಲಾಪಿ ಎಂದೂ ಕರೆಯುವ ತಿಲಾಪಿಯಾ. ಆಫ್ರಿಕಾ ಮೂಲದ ಈ ಮೀನನ್ನು 1952ರಲ್ಲಿ ಭಾರತಕ್ಕೆ ತರಲಾಯಿತು. ಅದೀಗ ದಕ್ಷಿಣದ ಕೆರೆಗಳಲ್ಲಿ ಎಲ್ಲೆಡೆ ಹಬ್ಬಿದೆ. ಇದರ ಬಾಯಿ ಚಿಕ್ಕದು. ಪಾಚಿ, ನೀರಿನ ಸೂಕ್ಷ್ಮಜೀವಿಗಳು ಹಾಗೂ ಕೆಸರಿನ ಹುಳುಗಳೇ ಇದರ ಆಹಾರವಾದ್ದರಿಂದ ದೊಡ್ಡ ಫ್ಲೈ ಇದಕ್ಕೆ ನಿರುಪಯೋಗಿ. ಕೆರೆಯ ತಳದ ಕೆಸರಿನಲ್ಲಿ ಎರೆಹುಳುವಿನಷ್ಟೇ ಕೆಂಪಗಿನ, ಆದರೆ ನೂಲಿನೆಳೆಯಷ್ಟು ಸಣ್ಣದಾದ ಒಂದು ಬಗೆಯ ಮರಿಹುಳು ಇರುತ್ತದೆ. ಕಚ್ಚದ ಸೊಳ್ಳೆಯಂಥ ಕೀಟವೊಂದರ ಮರಿಯಾದ ಅದಕ್ಕೆ ಆ ಬಣ್ಣ ಬಂದಿರುವುದು ನಮ್ಮ ರಕ್ತದಲ್ಲಿರುವಂಥದೇ ಹಿಮೋಗ್ಲೋಬಿನ್‌ನಿಂದ, ಉಸಿರುಗಾಳಿ ಕಡಿಮೆಯಿರುವ ಕೆಸರಿನಲ್ಲಿ ಬದುಕಲು ಅದಕ್ಕೆ ನೆರವಾಗುವುದೂ ಅದೇ. ಹನ್ನೆರಡನೆಯ ಅಥವಾ ಹದಿನಾಲ್ಕನೆಯ ನಂಬರಿನ ಕೊಕ್ಕೆಗೆ ಕೆಂಪು ನೂಲನ್ನು ತೆಳ್ಳಗೆ ಸುತ್ತಿದರೆ ಆ ಹುಳುವಿನ ಹೋಲಿಕೆ ಸಿದ್ಧವಾಗುತ್ತದೆ; ಈ ಲೆಕ್ಕದಲ್ಲಿ ನಂಬರು ಹೆಚ್ಚಿದಷ್ಟೂ ಕೊಕ್ಕೆ ಚಿಕ್ಕದಾಗುತ್ತದೆ ಎಂಬುದನ್ನು ಹೊಸಬರು ನೆನಪಿಡಬೇಕು. ಚಾದರುಗಳಿಗೆ ಹೆಸರಾದ ಸೋಲಾಪುರದಲ್ಲಿ ಬಣ್ಣದ ನೂಲಿಗೆ ಕೊರತೆಯಿಲ್ಲ. ಇಂಥ ಫ್ಲೈಯನ್ನು ಮುಳುಗಲು ಬಿಟ್ಟು, ತಳದ ಸಮೀಪದಲ್ಲಿ ಬಹು ನಿಧಾನವಾಗಿ ಎಳೆಯಬೇಕು.

ಬಾಸ್‌ನ ಸ್ಥಾನದಲ್ಲಿರುವುದು ಮರಾಠಿಗರು ಮರಳ ಎನ್ನುವ ಕೊರಮೀನು. ಹಾವಿನಂಥ ತಲೆ, ಅಗಲವಾದ ಬಾಯಿ, ಚೂಪಾದ ಹಲ್ಲುಗಳುಳ್ಳ ಈ ಮೀನು ಕಿವಿರುಗಳ ಜೊತೆಗೆ ತಲೆಯೊಳಗಿನ ವಿಶೇಷ ಅಂಗದಿಂದಲೂ ಉಸಿರಾಡುವುದರಿಂದ, ಗಾಳಿಯನ್ನು ಹೀರಲು ಆಗಾಗ ನೀರಿನ ಮೇಲಕ್ಕೆ ಬಂದೇ ತೀರಬೇಕು. ಬೇಟೆಗಾರ ಮೀನು ಎಲ್ಲಿ ಅಡಗಿದೆ ಎಂಬ ಸುಳಿವು ಸಿಗುವುದು ಆಗಲೇ. ಕಪ್ಪೆ, ಮರಿಮೀನು, ದೊಡ್ಡ ಕೀಟಗಳನ್ನು ನುಂಗುವ ಇದಕ್ಕೆ ತೇಲುವ ಬೆಂಡಿನಿಂದ ಮಾಡಿದ, ಎಳೆದಾಗ ನೀರನ್ನು ಗುಳುಕ್ಕೆಂದು ಕಲಕುವ ಕಪ್ಪೆಯಾಕಾರದ ಫ್ಲೈ ಸರಿಯಾದ ಆಯ್ಕೆ. ಆದರೆ ಕೊರಮೀನು ವಾಸಿಸುವುದು ಜೊಂಡು, ತಾವರೆ ಎಲೆಗಳ ನಡುವೆ. ಆದ್ದರಿಂದ ಕೊಕ್ಕೆಯ ಮೊನೆಯ ಮುಂದೆ ಗಟ್ಟಿ ನೈಲಾನಿನ ಕುಣಿಕೆಯೊಂದನ್ನು ಕಟ್ಟಿ, ಕಳೆಗೆ ಸಿಕ್ಕಿಕೊಳ್ಳದಂತೆ ಕಾಪಾಡಬೇಕು. ಫ್ಲೈಯ ಮುಂದಿನ ದಾರವೂ ಹಲ್ಲಿಗೆ ತುಂಡಾಗದಷ್ಟು ದಪ್ಪವಿರಬೇಕು.

ಇಲ್ಲಿಯ ಕೆರೆಗಳಲ್ಲಿ ಸಾಕುವ ಗೆಂಡೆ ಜಾತಿಯ ಮೂರು ಮೀನುಗಳ ಬಾಯಿಗಳೇ ಒಂದು ಪಾಠದಂತಿವೆ. ಕಟ್ಲಾದ ಬಾಯಿ ಮೇಲ್ಮುಖವಾಗಿದ್ದು ಅದು ಮೇಲಿನ ನೀರಿನ ಸೂಕ್ಷ್ಮ ಪ್ರಾಣಿಗಳನ್ನು ತಿನ್ನುತ್ತದೆ, ರೋಹು ನಡುನೀರಿನದು, ಮೃಗಾಲ್‌ನ ಬಾಯಿ ತಳದ ಕೆಸರಿನ ಕಡೆಗೆ ಬಾಗಿದೆ. ಮೀನಿನ ತುಟಿ ಯಾವ ಕಡೆಗೆ ತಿರುಗಿದೆ ಎಂಬುದನ್ನು ಬಲ್ಲವರಿಗೆ ಫ್ಲೈಯನ್ನು ಎಷ್ಟು ಆಳದಲ್ಲಿ ಆಡಿಸಬೇಕೆಂಬುದನ್ನು ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಬಣ್ಣದ ಮಾತು ಆಮೇಲಿನದು. ಅಂಗಡಿಯ ಪಟ್ಟಿಗಳು ಅದಕ್ಕೇ ಹೆಚ್ಚು ಒತ್ತು ಕೊಡುವುದು ಸರಿಯಲ್ಲ. ಮಳೆಗಾಲದಲ್ಲಿ ಎರೆಭೂಮಿಯ ಮಣ್ಣು ಹರಿದುಬಂದು ಕೆರೆ ಕದಡಿದಾಗ ಮೀನಿಗೆ ಬಣ್ಣ ಕಾಣುವುದಕ್ಕಿಂತ ಮೊದಲು ನೀರಿನ ಅಲುಗಾಟ ತಿಳಿಯುತ್ತದೆ, ಏಕೆಂದರೆ ಅದರ ಪಕ್ಕೆಯುದ್ದಕ್ಕೂ ಇರುವ ಸಂವೇದನೆಯ ಗೆರೆಯೊಂದು ಕಂಪನಗಳನ್ನು ಗ್ರಹಿಸುತ್ತದೆ. ಆಗ ಕಪ್ಪಗಿನ, ತುಸು ದೊಡ್ಡದಾದ, ನೀರನ್ನು ತಳ್ಳುವ ಫ್ಲೈ ಬೇಕು. ಚಳಿಗಾಲದಲ್ಲಿ ನೀರು ತಿಳಿಯಾದಾಗ ಸಣ್ಣದು, ಮಂಕು ಬಣ್ಣದ್ದು ಸಾಕು. ಮೊದಲ ಮಳೆಯ ನಂತರ ಈಸಲು ಹುಳುಗಳು ಎದ್ದು ನೀರಿಗೆ ಬೀಳುವ ಸಂಜೆಗಳಲ್ಲಿ, ಅಥವಾ ಗಾಳಿಗೆ ಜೋಳದ ಹೊಲದ ಮಿಡತೆಗಳು ಕೆರೆಗೆ ಬೀಳುವ ದಿನಗಳಲ್ಲಿ, ಅವುಗಳನ್ನೇ ಹೋಲುವ ತೇಲುವ ಫ್ಲೈಗೆ ಸಮನಾದುದು ಇನ್ನೊಂದಿಲ್ಲ.

ಫ್ಲೈ ಕಟ್ಟುವ ಗರಿಗಳಲ್ಲಿ ಭಾರತದ ಪಾಲು ದೊಡ್ಡದು. ನವಿಲುಗರಿಯ ಹೊಳೆಯುವ ಎಳೆಗಳನ್ನು ಲೋಕದೆಲ್ಲೆಡೆಯ ಗಾಳಗಾರರು ಹುಳುವಿನ ಮೈಗೆ ಬಳಸುತ್ತಾರೆ. ಪಶ್ಚಿಮ ಘಟ್ಟಗಳ ಬೂದು ಕಾಡುಕೋಳಿ ಹುಂಜದ ಕುತ್ತಿಗೆಯ, ಅರಗಿನ ಹನಿಯಂಥ ಚುಕ್ಕೆಯುಳ್ಳ ಗರಿಗಾಗಿ ಒಂದು ಕಾಲದಲ್ಲಿ ಅಪಾರ ಸಂಖ್ಯೆಯ ಹಕ್ಕಿಗಳು ಬಲಿಯಾದವು. ಇವೆರಡೂ ಈಗ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿಗಳಾದ್ದರಿಂದ, ನಾಟಿ ಕೋಳಿಯ ಗರಿಯೂ ಬಣ್ಣದ ನೂಲೂ ಸಾಕೆಂದು ತಿಳಿಯುವುದೇ ಲೇಸು.

ಜಲಾಶಯಗಳ ಮೀನುಗಾರಿಕೆಯ ಹಕ್ಕು ಸಾಮಾನ್ಯವಾಗಿ ಮೀನುಗಾರರ ಸಹಕಾರಿ ಸಂಘಗಳ ಗುತ್ತಿಗೆಯಲ್ಲಿರುತ್ತದೆ. ಕೋಲು ಹಿಡಿದು ದಡಕ್ಕೆ ಹೋಗುವ ಮುನ್ನ ಅವರ ಒಪ್ಪಿಗೆ ಪಡೆಯಬೇಕು. ಆಟಕ್ಕಾಗಿ ಹೊರದೇಶದ ಬಾಸ್ ಮೀನನ್ನು ಈ ಕೆರೆಗಳಿಗೆ ತಂದು ಬಿಡುವ ಯೋಚನೆಯನ್ನಂತೂ ಯಾರೂ ಮಾಡಬಾರದು, ತಿಲಾಪಿಯಾ ಹಬ್ಬಿದ ರೀತಿ ಕಣ್ಣ ಮುಂದೆಯೇ ಇದೆ. ಮಳೆಗಾಲದಲ್ಲಿ ನೀರಿನ ಮೇಲ್ಭಾಗದಲ್ಲಿ ಕೆಂಪು-ಕಿತ್ತಳೆ ಬಣ್ಣದ ಮರಿಗಳ ಗುಂಪೊಂದು ಉಂಡೆಯಂತೆ ಸುಳಿದಾಡುತ್ತಿದ್ದರೆ, ಅದರ ಕೆಳಗೆ ತಾಯಿ-ತಂದೆ ಕೊರಮೀನುಗಳು ಕಾವಲಿರುತ್ತವೆ. ಮರಿಗಳ ಬಳಿ ಬಿದ್ದ ಫ್ಲೈಯನ್ನು ಅವು ಹಸಿವಿನಿಂದಲ್ಲ, ಮರಿಗಳನ್ನು ಕಾಯಲೆಂದು ಕಚ್ಚುತ್ತವೆ. ಅಲ್ಲಿ ಗಾಳ ಬೀಸದಿರಿ.