ಪವನಾಶನನ ಚಳಿಗಾಲದ ಉಪವಾಸ

ಅಮರಕೋಶದಲ್ಲಿ ಸರ್ಪಕ್ಕೆ ಹೇಳಿರುವ ಹೆಸರುಗಳಲ್ಲಿ ‘ಪವನಾಶನ’ ಎಂಬುದೂ ಒಂದು. ಗಾಳಿಯೇ ಆಹಾರವಾಗಿರುವುದು ಎಂದು ಅದರ ಅರ್ಥ. ಹಾವು ಗಾಳಿಯನ್ನು ಕುಡಿದು ಬದುಕುವ ಪ್ರಾಣಿಯಲ್ಲವೆಂಬುದನ್ನು, ಕಣದ ಬದಿಯಲ್ಲಿ ಇಲಿಯನ್ನು ನುಂಗುವ ಕೇರೆಹಾವನ್ನು ಕಂಡ ರೈತರ ಮಗುವೂ ಬಲ್ಲುದು. ಆದರೂ ಆ ಹೆಸರನ್ನಿಟ್ಟ ಹಿರಿಯರು ಕಣ್ಣು ಮುಚ್ಚಿಕೊಂಡು ಇಟ್ಟವರಲ್ಲ. ವಾರಗಟ್ಟಲೆ, ಕೆಲವು ವೇಳೆ ತಿಂಗಳುಗಟ್ಟಲೆ, ಏನನ್ನೂ ತಿನ್ನದೆ ಸುರುಳಿ ಸುತ್ತಿಕೊಂಡು ಬಿದ್ದಿದ್ದು, ಆಮೇಲೆ ಏನೂ ನಡೆಯದವರಂತೆ ಎದ್ದು ಹರಿದಾಡುವ ಜಂತುವನ್ನು ನೋಡಿದವರಿಗೆ, ಇದು ಗಾಳಿಯನ್ನಲ್ಲದೆ ಮತ್ತೇನನ್ನು ಉಂಡೀತೆಂದು ತೋರಿದುದು ಸಹಜವೇ ಸರಿ.

ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಗೃಹಸ್ಥರಿಗೆ ಈ ಉಪವಾಸದ ಕಾಲವನ್ನು ಬೇರೆ ಪಂಚಾಂಗದಿಂದ ತಿಳಿಸಬೇಕಾದುದಿಲ್ಲ. ಮಲೆ ಮಹದೇಶ್ವರನ ಬೆಟ್ಟದಲ್ಲಿ ದೀಪಾವಳಿಯ ಜಾತ್ರೆ ಮುಗಿದು ಶಿವರಾತ್ರಿಯ ಜಾತ್ರೆ ಬರುವವರೆಗಿನ ಅವಧಿಯೇ ಹೆಚ್ಚುಕಡಿಮೆ ಹಾವುಗಳ ಒಪ್ಪೊತ್ತಿನ ಕಾಲ. ತಾಳಬೆಟ್ಟದಿಂದ ಮೇಲಕ್ಕೆ ಏರುತ್ತ ಹೋದಂತೆಲ್ಲ ಚಳಿ ಹೆಚ್ಚುವುದನ್ನು ನಡೆದು ಹೋಗುವ ಭಕ್ತರು ಮೈಯಿಂದಲೇ ಅರಿತಿರುತ್ತಾರೆ. ಸಾಮಾನ್ಯವಾಗಿ ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖ ಇಳಿಯುವುದು. ಮಹದೇಶ್ವರ ಬೆಟ್ಟಕ್ಕಿಂತಲೂ ಎತ್ತರವಾದ ಬಿಳಿಗಿರಿರಂಗನ ಬೆಟ್ಟದಲ್ಲಿ ಪುಷ್ಯಮಾಸದ ಇರುಳು ಮನುಷ್ಯರಿಗೇ ಕಂಬಳಿಯಿಲ್ಲದೆ ಕಳೆಯದು. ಹೀಗಿರುವಲ್ಲಿ, ಮೈಯಲ್ಲಿ ಸ್ವಂತ ಕಾವಿಲ್ಲದ ಹಾವಿನ ಪಾಡೇನು?

ಈ ಪ್ರಶ್ನೆಯನ್ನು ಇಂದು ಕೇಳುವವರು ಎರಡು ಬಗೆಯವರು. ಪಟ್ಟಣಗಳಲ್ಲಿ ವಿದೇಶದ ಹಾವುಗಳನ್ನು ಗಾಜಿನ ಪೆಟ್ಟಿಗೆಗಳಲ್ಲಿ ಸಾಕುವ ಅಭ್ಯಾಸ ಬಂದಿದೆ. ಅವುಗಳಲ್ಲಿ ಮುಖ್ಯವಾದುದು, ಹೆದರಿದಾಗ ಚೆಂಡಿನಂತೆ ಮುದುಡಿಕೊಳ್ಳುವ ಪಶ್ಚಿಮ ಆಫ್ರಿಕದ ಚಿಕ್ಕ ಹೆಬ್ಬಾವು. ಇದಕ್ಕೆ ಬಾಲ್ ಪೈಥಾನ್ ಎಂದು ಹೆಸರು. ಕಾರ್ತಿಕ ಕಳೆಯುತ್ತಲೇ ಅದು ಇಲಿಯ ಕಡೆಗೆ ತಿರುಗಿಯೂ ನೋಡದಿದ್ದರೆ ಸಾಕಿದವರು ಗಾಬರಿಯಾಗುತ್ತಾರೆ. ಇನ್ನೊಂದು ಬಗೆಯವರು ನಮ್ಮ ಹಳ್ಳಿಗಳಲ್ಲಿಯೇ ಉಂಟು. ಹೊಲದಲ್ಲಿ ಸಿಕ್ಕಿದ ಎರಡು ತಲೆಯ ಹಾವನ್ನು, ಎಂದರೆ ಮಣ್ಣುಮುಕ್ಕ ಹಾವನ್ನು, ಭಾಗ್ಯ ತರುವುದೆಂದೋ ಲಕ್ಷಗಟ್ಟಲೆಗೆ ಮಾರೀತೆಂದೋ ನಂಬಿ, ಗಡಿಗೆಯಲ್ಲಿ ಮಣ್ಣು ತುಂಬಿ ಗುಟ್ಟಾಗಿ ಇಟ್ಟುಕೊಳ್ಳುವವರು ಇವರು. ಇಬ್ಬರೂ ಮಾಡುವ ತಪ್ಪು ಒಂದೇ: ತಿನ್ನದ ಹಾವಿಗೆ ತಿನ್ನಿಸಲು ಹೋಗುವುದು.

ಕಾರಣವನ್ನು ವಿಚಾರಿಸೋಣ. ನಮ್ಮ ಮೈಯ ಶಾಖ ಹಗಲಿರುಳೂ 37 ಡಿಗ್ರಿಯ ಸುಮಾರಿನಲ್ಲಿಯೇ ನಿಂತಿರುವುದು. ನಾವು ಉಣ್ಣುವ ಅನ್ನದ ಬಹುಭಾಗ ಈ ಒಲೆಯನ್ನು ಉರಿಸುವುದಕ್ಕೇ ಸೌದೆಯಾಗಿ ವ್ಯಯವಾಗುತ್ತದೆ. ಹಾವು ಅಂಥ ಒಲೆಯನ್ನು ಇಟ್ಟುಕೊಂಡಿಲ್ಲ. ಬಿಸಿಲು ಕಾದ ಬಂಡೆಯಿಂದಲೂ ನೆಲದಿಂದಲೂ ಶಾಖವನ್ನು ಎರವಲು ಪಡೆದು ಬದುಕುವುದೇ ಅದರ ಕ್ರಮ. ಆದುದರಿಂದಲೇ ಅದಕ್ಕೆ ದಿನವೂ ಊಟ ಬೇಕಿಲ್ಲ. ಒಂದು ಇಲಿಯ ಮೇಲೆ ಅನೇಕ ದಿನ ಇರಬಲ್ಲುದು. ಈ ಮಿತವ್ಯಯಕ್ಕೆ ಒಂದು ಬೆಲೆಯೂ ಉಂಟು. ಜಠರದಲ್ಲಿ ಆಹಾರವನ್ನು ಕರಗಿಸುವ ರಸಗಳು ಶಾಖವಿದ್ದರೆ ಮಾತ್ರ ಚುರುಕಾಗಿ ಕೆಲಸ ಮಾಡುತ್ತವೆ. ಹಸಿಯ ಸೌದೆಯ ಒಲೆಯ ಮೇಲಿಟ್ಟ ಅಕ್ಕಿ ಬೇಯದೆ ನೆನೆದು ಹಳಸುವಂತೆ, ತಣ್ಣಗಿನ ಹಾವಿನ ಹೊಟ್ಟೆಯಲ್ಲಿ ಇಡಿಯಾಗಿ ನುಂಗಿದ ಇಲಿ ಜೀರ್ಣವಾಗದೆ ಕೊಳೆಯತೊಡಗುವುದು. ಆಗ ಹಾವು ಅದನ್ನು ಕಕ್ಕಿಬಿಡುತ್ತದೆ. ಕಕ್ಕಲಾರದೆ ಹೋದರೆ ಸಾಯುವುದೂ ಉಂಟು. ಚಳಿಯಲ್ಲಿ ಉಣ್ಣದಿರುವುದು ಹಾವಿನ ರೋಗವಲ್ಲ, ಅದರ ವಿವೇಕ.

ಹಾವಿಗೆ ಊಟವೆಂಬುದು ಎಷ್ಟು ದೊಡ್ಡ ಕಾರ್ಯವೆಂಬುದಕ್ಕೆ ಒಂದು ನಿದರ್ಶನ ಸಾಕು. ಬರ್ಮಾ ದೇಶದ ಹೆಬ್ಬಾವನ್ನು ಪರೀಕ್ಷಿಸಿದ ಶಾಸ್ತ್ರಜ್ಞರು 2005ರಲ್ಲಿ ಪ್ರಕಟಿಸಿದ ಪ್ರಕಾರ, ಭಾರಿಯ ಊಟವಾದ ಎರಡು ದಿನಗಳೊಳಗಾಗಿ ಅದರ ಹೃದಯದ ಮುಖ್ಯ ಕೋಣೆಯ ಮಾಂಸವು ನೂರಕ್ಕೆ 40ರಷ್ಟು ಹೆಚ್ಚುತ್ತದೆ. ಕರುಳು, ಯಕೃತ್ತುಗಳೂ ಹಾಗೆಯೇ ಬೆಳೆದು, ಜೀರ್ಣವಾದ ಮೇಲೆ ಮೊದಲಿನಂತೆ ಕುಗ್ಗುತ್ತವೆ. ಮನೆಯಲ್ಲಿ ಮದುವೆ ಬಂದಾಗ ಚಪ್ಪರ ಹಾಕಿ, ಹೊರಗೊಲೆ ಹೂಡಿ, ಮುಗಿದ ಮೇಲೆ ಎಲ್ಲವನ್ನೂ ಬಿಚ್ಚುವಂತೆ ಇದು. ಅಷ್ಟು ಖರ್ಚಿನ ಸಮಾರಂಭವನ್ನು ಶಾಖವೆಂಬ ಬಂಡವಾಳವಿಲ್ಲದ ಕಾಲದಲ್ಲಿ ಯಾರು ಹೂಡಿಯಾರು?

ಶೀತದೇಶಗಳಲ್ಲಿ ಈ ಉಪವಾಸ ಕಠಿಣವಾದುದು. ಕೆನಡಾ ದೇಶದ ಮ್ಯಾನಿಟೋಬ ಪ್ರಾಂತದಲ್ಲಿ ನಾರ್ಸಿಸ್ ಎಂಬ ಸ್ಥಳದ ಸುಣ್ಣಕಲ್ಲಿನ ಬಿಲಗಳೊಳಗೆ ಹತ್ತಾರು ಸಾವಿರ ಹಾವುಗಳು ಒಟ್ಟಾಗಿ ಹಿಮದ ತಿಂಗಳುಗಳನ್ನು ಕಳೆದು ವಸಂತದಲ್ಲಿ ಹೊರಬರುತ್ತವೆ. ನಮ್ಮಲ್ಲಿ ಅಂಥ ದೀರ್ಘನಿದ್ರೆ ಇಲ್ಲ. ರಾಜಸ್ಥಾನದ ಭರತಪುರದಲ್ಲಿ ಹೆಬ್ಬಾವುಗಳು ಚಳಿಗಾಲದ ಹಗಲಿನಲ್ಲಿ ಬಿಲದ ಬಾಯಿಗೆ ಬಂದು ಬಿಸಿಲು ಕಾಯಿಸುವುದನ್ನು ಯಾತ್ರಿಕರು ನೋಡುತ್ತಾರೆ. ನಮ್ಮ ಬೆಟ್ಟಸೀಮೆಯ ಹಾವುಗಳದೂ ಅದೇ ಬಗೆ: ಇರುಳು ಒಳಗೆ, ಬಿಸಿಲೇರಿದ ಮೇಲೆ ಹೊರಗೆ, ಊಟ ವಿರಳ.

ಚಳಿಯೊಂದೇ ಕಾರಣವೆಂದೂ ತಿಳಿಯಕೂಡದು. ಹೆಬ್ಬಾವುಗಳು ಕೂಡುವ ಕಾಲ ಚಳಿಗಾಲವೇ. ಆಗ ಗಂಡು ಹೆಣ್ಣನ್ನರಸುವುದರಲ್ಲಿ ಅನ್ನವನ್ನು ಮರೆಯುತ್ತದೆ. ಮೊಟ್ಟೆಯಿಟ್ಟ ಹೆಣ್ಣು ಅದರ ಸುತ್ತ ಸುರುಳಿಯಾಗಿ ಕುಳಿತು, ಮೈಯನ್ನು ಅದುರಿಸಿ ಕಾವು ಹುಟ್ಟಿಸುತ್ತ, ಮರಿ ಹೊರಡುವವರೆಗೂ ಉಪವಾಸವಿರುವುದು. ಪೊರೆ ಬಿಡುವ ಮುಂಚೆ ಕಣ್ಣು ಮಂಜಾದಾಗ ಹಾವುಗಳು ಸಾಮಾನ್ಯವಾಗಿ ತಿನ್ನಲೊಲ್ಲವು. ಗಾಜಿನ ಪೆಟ್ಟಿಗೆಯಲ್ಲಿ ಬೆಚ್ಚಗಿಟ್ಟ ಬಾಲ್ ಪೈಥಾನ್ ಕೂಡ ಋತುವನ್ನು ಮರೆಯದೆ, ತಿಂಗಳುಗಟ್ಟಲೆ ಊಟ ಬಿಟ್ಟು, ಆಮೇಲೆ ತಾನಾಗಿಯೇ ತೊಡಗುವುದುಂಟು.

ಈಗ ಮನುಷ್ಯರು ಮಾಡುವ ಉಪದ್ರವದ ಮಾತು. ಬಾಯನ್ನು ಬಿಡಿಸಿ ಮಾಂಸವನ್ನು ತುರುಕಿದರೆ ಹಲ್ಲು ಮುರಿಯುವುದು, ಅನ್ನನಾಳ ಹರಿಯುವುದು. ಹೋದ ಆಹಾರವೂ ತಣ್ಣನೆಯ ಹೊಟ್ಟೆಯಲ್ಲಿ ವಿಷವಾಗುವುದು. ‘ಹಸಿವಾದರೆ ತಿಂದೀತು’ ಎಂದು ಜೀವಂತ ಇಲಿಯನ್ನು ಒಳಗೆ ಬಿಟ್ಟುಹೋಗುವವರು ಇನ್ನೂ ದೊಡ್ಡ ಅನರ್ಥವನ್ನು ಮಾಡುತ್ತಾರೆ; ಜಡವಾಗಿ ಬಿದ್ದ ಹಾವನ್ನು ಇಲಿಯೇ ಕಡಿದು ಹುಣ್ಣುಮಾಡುತ್ತದೆ. ಇನ್ನು ಹಾಲು. ಹಾಲು ಹಾವಿನ ಆಹಾರವಲ್ಲ. ಅದನ್ನು ಅರಗಿಸುವ ಶಕ್ತಿ ಅದಕ್ಕಿಲ್ಲ. ಹಾವಾಡಿಗರು ದಿನಗಟ್ಟಲೆ ನೀರು ಕೊಡದೆ ಬಳಲಿಸಿದ ನಾಗರಹಾವು ಬಾಯಾರಿಕೆಯಿಂದ ಹಾಲಿಗೂ ಬಾಯಿಟ್ಟೀತು; ಅದನ್ನು ಕಂಡು ಭಕ್ತಿಯಿಂದ ಕಾಸು ಕೊಟ್ಟವರು ಒಂದು ಪ್ರಾಣಿಯ ಸಂಕಟಕ್ಕೆ ಬೆಲೆ ಕೊಟ್ಟಂತಾಯಿತು. ಮಾರ್ಗಶಿರದ ಸುಬ್ಬರಾಯನ ಷಷ್ಠಿಯೂ ಚಳಿಗಾಲದಲ್ಲಿಯೇ ಬರುತ್ತದೆ. ಹುತ್ತಕ್ಕೆ ತನಿಯೆರೆಯುವ ತಾಯಂದಿರು ಬೇಕಾದರೆ ಹುತ್ತದ ಹೊರಗೆ ಎರಡು ಹನಿ ಹಾಕಿ ಕೈಮುಗಿಯಲಿ. ಬಿಲದೊಳಕ್ಕೆ ಸುರಿಯುವುದು ಬೇಡ. ಬೆಚ್ಚಗಿರಲೆಂದು ಒಳಸೇರಿದವನ ಹಾಸಿಗೆಯನ್ನು ನೆನೆಸುವುದು ಪೂಜೆಯಾಗದು.

ಮಣ್ಣುಮುಕ್ಕ ಹಾವಿನ ಗತಿ ಎಲ್ಲಕ್ಕಿಂತ ಶೋಚನೀಯವಾದುದು. ವಿಷವಿಲ್ಲದ, ಯಾರಿಗೂ ಕೇಡೆಣಿಸದ, ಹೊಲದ ಇಲಿಗಳನ್ನು ತಿಂದು ರೈತನಿಗೆ ನೆರವಾಗುವ ಸಾಧುಪ್ರಾಣಿ ಅದು. ಅದಕ್ಕೆ ಎರಡು ತಲೆಗಳೂ ಇಲ್ಲ. ತಲೆಯಂತೆಯೇ ಮೊಂಡಾದ ಬಾಲವನ್ನು ಮುಂದೊಡ್ಡಿ ಶತ್ರುವನ್ನು ವಂಚಿಸುವುದಷ್ಟೆ. ಕಳ್ಳಸಂತೆಯಲ್ಲಿ ಅದರ ಬೆಲೆ ತೂಕದ ಮೇಲೆ ನಿಲ್ಲುವುದರಿಂದ, ದಪ್ಪವಾಗಲೆಂದು ಬಲವಂತವಾಗಿ ತಿನ್ನಿಸುವವರು ಉಂಟು. ಕೊನೆಗೆ ಹಾವು ಸಾಯುವುದು, ಇಟ್ಟುಕೊಂಡವನು ಸೆರೆಮನೆಗೆ ಹೋಗುವನು, ಭಾಗ್ಯವೆಂಬುದು ದಲ್ಲಾಳಿಯ ಬಾಯಲ್ಲಿಯೇ ಉಳಿಯುವುದು. ಒಂದು ಗಡಿಗೆಯ ಆಸೆಗಾಗಿ ಮನೆಯ ಯಜಮಾನನೇ ಬಂಧನಕ್ಕೊಳಗಾದರೆ ಹೆಂಡತಿ ಮಕ್ಕಳು ಅನುಭವಿಸುವ ಕಷ್ಟವನ್ನು ಯಾವ ಎರಡು ತಲೆಯ ಹಾವೂ ನೀಗಲಾರದು.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯಂತೆ ನಾಗರ, ಕೇರೆ, ಹೆಬ್ಬಾವು, ಮಣ್ಣುಮುಕ್ಕ ಮೊದಲಾದುವನ್ನು ಅಪ್ಪಣೆಯಿಲ್ಲದೆ ಹಿಡಿಯುವುದೂ ಸಾಕುವುದೂ ಮಾರುವುದೂ ಅಪರಾಧ. ಬಾಲ್ ಪೈಥಾನ್‌ನಂಥ ವಿದೇಶೀ ಹಾವುಗಳನ್ನು ಇಟ್ಟುಕೊಂಡವರು ಆ ಕಾಯಿದೆಗೆ 2022ರಲ್ಲಿ ಆದ ತಿದ್ದುಪಡಿ ಮತ್ತು 2024ರ ನಿಯಮಗಳ ಪ್ರಕಾರ ಅವನ್ನು ಸರ್ಕಾರದಲ್ಲಿ ದಾಖಲು ಮಾಡಿಸಿರಬೇಕು.

ಹಾಗೆ ನ್ಯಾಯವಾಗಿ ಸಾಕಿರುವವರಿಗೆ ಕೆಲವು ಸೂಚನೆಗಳು. ಪೆಟ್ಟಿಗೆಯ ಒಂದು ಮೂಲೆಯಲ್ಲಿ 30ರಿಂದ 32 ಡಿಗ್ರಿ ಶಾಖವೂ ಇನ್ನೊಂದು ಮೂಲೆಯಲ್ಲಿ ಅದಕ್ಕಿಂತ ಐದಾರು ಡಿಗ್ರಿ ಕಡಮೆಯೂ ಇರುವಂತೆ ನೋಡಿಕೊಳ್ಳಬೇಕು. ಕೈಯಿಂದ ಮುಟ್ಟಿ ಊಹಿಸದೆ ಉಷ್ಣಮಾಪಕದಿಂದ ಅಳೆಯಬೇಕು. ಶುದ್ಧವಾದ ನೀರು ಸದಾ ಇರಬೇಕು. ಉಪವಾಸವಿರುವ ಹಾವಿಗೂ ನೀರು ತಪ್ಪಬಾರದು. ಅಡಗುವುದಕ್ಕೆ ಮರೆ ಬೇಕು. ಹದಿನೈದು ದಿನಕ್ಕೊಮ್ಮೆ ತಕ್ಕಡಿಯಲ್ಲಿ ತೂಗಿ ಬರೆದಿಡಬೇಕು. ತೂಕ ನಿಂತಲ್ಲಿ ನಿಂತಿದ್ದರೆ ಚಿಂತೆಗೆ ಕಾರಣವಿಲ್ಲ. ತೂಕ ಬೇಗನೆ ಇಳಿದರೆ, ಬೆನ್ನುಮೂಳೆ ಎದ್ದು ಕಂಡರೆ, ಬಾಯಿ ತೆರೆದು ಉಸಿರಾಡಿದರೆ, ಮೂಗುಬಾಯಿಗಳಲ್ಲಿ ನೊರೆಯೋ ಲೋಳೆಯೋ ಬಂದರೆ, ಅದು ಉಪವಾಸವಲ್ಲ, ವ್ಯಾಧಿ. ಕೂಡಲೇ ಪಶುವೈದ್ಯರಿಗೆ ತೋರಿಸತಕ್ಕದ್ದು. ಎಳೆಯ ಮರಿಗಳಿಗೆ ದೊಡ್ಡ ಹಾವುಗಳಷ್ಟು ತಾಳಿಕೆ ಇರುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಹಾವನ್ನು ಸಾಕದ ಗೃಹಸ್ಥರು ತಿಳಿಯಬೇಕಾದ ಮಾತೊಂದಿದೆ. ಉಣ್ಣದ ಹಾವು ಕಚ್ಚದ ಹಾವಲ್ಲ. ಹಸಿವಿನಿಂದ ಹಾವು ಮನುಷ್ಯನನ್ನು ಕಚ್ಚುವುದಿಲ್ಲ, ಹೆದರಿಕೆಯಿಂದ ಕಚ್ಚುತ್ತದೆ, ಹೆದರಿಕೆಗೆ ಋತುವಿಲ್ಲ. ಕೊಳಕುಮಂಡಲವು ಚಳಿಗಾಲದಲ್ಲಿಯೇ ಬೆದೆಗೆ ಬಂದು ಓಡಾಡುವುದು. ರಾಗಿಯ ಕೊಯ್ಲು, ಹುಲ್ಲಿನ ಮೆದೆ, ಸೌದೆಯ ರಾಶಿ, ಒಲೆಯ ಬೆಚ್ಚನೆಯ ಗೋಡೆ ಇವೆಲ್ಲ ಆಗಲೇ ಒದಗುತ್ತವೆ. ಮೆದೆಗೆ ಕೈಹಾಕುವ ಮೊದಲು ಕೋಲಿನಿಂದ ತಟ್ಟಬೇಕು. ಇರುಳು ದೀಪವಿಲ್ಲದೆ ಹೊರಗೆ ಕಾಲಿಡಕೂಡದು. 2000ದಿಂದ 2019ರವರೆಗಿನ ಇಪ್ಪತ್ತು ವರ್ಷಗಳಲ್ಲಿ ಭಾರತದಲ್ಲಿ ಹಾವು ಕಚ್ಚಿ ಸತ್ತವರು ಸುಮಾರು 12 ಲಕ್ಷವೆಂದು 2020ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ವರ್ಷಕ್ಕೆ ಸರಾಸರಿ 58,000 ಮಂದಿ. ಕರ್ನಾಟಕ ಸರ್ಕಾರವು 2024ರ ಫೆಬ್ರವರಿಯಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ತಪ್ಪದೆ ವರದಿಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಚ್ಚಿದಲ್ಲಿ ಕುಯ್ಯುವುದು, ಬಿಗಿಯಾಗಿ ಕಟ್ಟುವುದು, ಬಾಯಿಂದ ಹೀರುವುದು ಇವು ಯಾವುವೂ ಕೂಡದು. ಕಚ್ಚಿದ ಅಂಗವನ್ನು ಅಲುಗಿಸದೆ, ಮಂತ್ರಕ್ಕಾಗಿ ಹೊತ್ತು ಕಳೆಯದೆ, ವಿಷಕ್ಕೆ ಪ್ರತಿವಿಷವುಳ್ಳ ಆಸ್ಪತ್ರೆಗೆ ಒಯ್ಯುವುದೇ ಮಾರ್ಗ.

ಮಹದೇಶ್ವರ ಬೆಟ್ಟದಾಚೆಯ ನಾಗಮಲೆಯಲ್ಲಿ ಹೆಡೆಯೆತ್ತಿದ ಸರ್ಪದಂತಿರುವ ಬಂಡೆಯ ನೆರಳಿನಲ್ಲಿ ಲಿಂಗಕ್ಕೆ ಪೂಜೆ ಸಲ್ಲುತ್ತದೆ. ಹಾವನ್ನು ದೇವರ ನೆರಳೆಂದು ಎಣಿಸಿದ ನಾಡು ಇದು. ಆ ಗೌರವ ಕಲ್ಲಿನ ಹೆಡೆಗೆ ಮಾತ್ರ ಮೀಸಲಾಗದೆ, ಚಳಿಯಲ್ಲಿ ಮುದುಡಿ ಬಿದ್ದ ಜೀವಕ್ಕೂ ಸಲ್ಲಬೇಕು. ಅದಕ್ಕೆ ಬೇಕಾದುದು ನಮ್ಮ ಹಾಲಲ್ಲ, ಇಲಿಯಲ್ಲ, ಗಡಿಗೆಯೂ ಅಲ್ಲ. ಅದರ ಪಾಡಿಗೆ ಅದನ್ನು ಬಿಡುವ ತಾಳ್ಮೆ. ಶಿವರಾತ್ರಿಗೆ ಚಳಿಯು ಶಿವಶಿವಾ ಎಂದು ಹೊರಟುಹೋಗುವುದೆಂದು ನಮ್ಮ ಹಿರಿಯರು ಹೇಳುತ್ತಾರಷ್ಟೆ. ಅಂದು ಮನುಷ್ಯರು ಉಪವಾಸವನ್ನು ಹಿಡಿಯುವ ಹೊತ್ತಿಗೆ, ಹಾವುಗಳು ತಮ್ಮ ಉಪವಾಸವನ್ನು ಮುಗಿಸಿಕೊಂಡು ಬಿಸಿಲಿಗೆ ಬರುತ್ತವೆ.